ಹೂವಿನ ಮನೆತನ, ಮಾಂಜರಿಯ ಹೊಲ

ಬೆಳಗಾವಿ ಜಿಲ್ಲೆಯ ಕಬ್ಬಿನ ರೈತರ ಮುಂದೆ ಫುಲೆ ಎಂದು ಹೇಳಿ ನೋಡಿ. ಬಹಳಷ್ಟು ಮಂದಿ ಮೊದಲು ಕೇಳುವುದು 265 ಏನ್ರೀ ಎಂದೇ. ಫುಲೆ 265 ಒಂದು ಕಬ್ಬಿನ ತಳಿ. ಮಹಾರಾಷ್ಟ್ರದ ರಾಹುರಿಯಲ್ಲಿರುವ ಮಹಾತ್ಮ ಫುಲೆ ಕೃಷಿ ವಿದ್ಯಾಪೀಠಕ್ಕೆ ಸೇರಿದ ಪಾಡೆಗಾಂವ್ ಸಂಶೋಧನಾ ಕೇಂದ್ರದಿಂದ ಬಂದದ್ದು. ಚಿಕ್ಕೋಡಿ, ಅಥಣಿ, ರಾಯಬಾಗ ಕಡೆ ಗಡಿ ದಾಟಿ ಬಂದು ನೆಲೆಯೂರಿದೆ. ನಮ್ಮ ಮನೆಯ ಹೊಲದಲ್ಲೂ ಅದೇ ಇದೆ. ಹಾಗಾಗಿ ಶಾಲೆಯ ಪಾಠದಲ್ಲಿ ಜ್ಯೋತಿಬಾ ಫುಲೆ ಎಂಬ ಹೆಸರು ಓದುವ ಕಾಲಕ್ಕೂ ನನಗೆ ಆ ಮನುಷ್ಯ ಅರ್ಧ ಸಮಾಜ ಸುಧಾರಕ, ಅರ್ಧ ಕಬ್ಬು.

ಎಂ.ಟೆಕ್ ಮುಗಿಸಿ ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ಆಫೀಸು ಹಡಪಸರದ ಮಗರಪಟ್ಟಾದಲ್ಲಿ, ಬಾಡಿಗೆ ಮನೆ ಮಾಂಜರಿಯಲ್ಲಿ. ಮಗರಪಟ್ಟಾದ ಗಾಜಿನ ಕಟ್ಟಡಗಳು ನಿಂತ ಜಾಗವೆಲ್ಲ 2000ದ ಹೊತ್ತಿನವರೆಗೆ ಹೊಲ. ಸುಮಾರು 120 ರೈತ ಕುಟುಂಬಗಳು ತಮ್ಮ 400ಕ್ಕೂ ಹೆಚ್ಚು ಎಕರೆಯನ್ನು ಒಟ್ಟು ಮಾಡಿ ತಾವೇ ಪಾಲುದಾರರಾಗಿ ಈ ಊರು ಕಟ್ಟಿದರು. ಮಾಂಜರಿಯಲ್ಲಿ ಈಗಲೂ ಅಪಾರ್ಟ್‌ಮೆಂಟುಗಳ ನಡುವೆ ತುಂಡು ತುಂಡು ಹೊಲಗಳಿವೆ. ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ, ವಸಂತದಾದಾ ಸಕ್ಕರೆ ಸಂಸ್ಥೆಯಿದೆ. ಇದೇ ಮಾಂಜರಿಯಲ್ಲಿ ಜೋತಿರಾವ್ ಫುಲೆ ಹೊಲ ಮಾಡಿದ್ದರು ಎಂಬುದು ನನಗೆ ಇಲ್ಲಿ ಮನೆ ಹಿಡಿದ ಮೇಲೆ ತಿಳಿದದ್ದು. ಅಲ್ಲಿಂದ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಎಲ್ಲರಿಗೂ ಗೊತ್ತಿರುವುದು ಅವರ ಶಾಲೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಹೊಲ.

ಈ ಮನೆತನದ ಮೂಲ ಅಡ್ಡಹೆಸರು ಗೋರ್ಹೆ. ಊರು ಸಾತಾರಾ ಕಡೆಯ ಕಟಗುಣ. ಜೋತಿರಾವ್ ಅವರ ಮುತ್ತಜ್ಜ ಅಲ್ಲಿ ಚೌಗುಲಾ, ಅಂದರೆ ಪಾಟೀಲನ ಕೈಕೆಳಗಿನ ಸಣ್ಣ ಗ್ರಾಮಾಧಿಕಾರಿ. (ನಮ್ಮ ಬೆಳಗಾವಿ ಕಡೆ ಚೌಗಲಾ ಅಡ್ಡಹೆಸರಿನವರು ಓಣಿಗೊಬ್ಬರು ಸಿಗುತ್ತಾರೆ, ಆ ಹೆಸರು ಎಲ್ಲಿಂದ ಬಂತೆಂದು ಈಗ ಗೊತ್ತಾಯಿತಲ್ಲ.) ಆತ ಊರು ಬಿಟ್ಟು ಪುಣೆ ಜಿಲ್ಲೆಯ ಖಾನವಡಿಗೆ ಬಂದು ನೆಲೆಯಾಗಿ ಒಂದಿಷ್ಟು ಗಳಿಸಿದ. ಅವನ ಒಬ್ಬನೇ ಮಗ ಶೇಟಿಬಾ ಗಳಿಸಿದ್ದನ್ನೆಲ್ಲ ಕರಗಿಸಿ, ಮೂರು ಗಂಡುಮಕ್ಕಳನ್ನು ಕಟ್ಟಿಕೊಂಡು ಹೊಟ್ಟೆಪಾಡಿಗೆ ಪುಣೆಗೆ ಬಂದ. ಇಲ್ಲಿ ಒಬ್ಬ ಹೂವಿನ ವ್ಯಾಪಾರಿ ಆ ಹುಡುಗರನ್ನು ಕೈಹಿಡಿದು ಕಸುಬು ಕಲಿಸಿದ. ಹೂ ಬೆಳೆಯುವುದು, ಬಿಡಿಸುವುದು, ಕಟ್ಟುವುದು. ಹುಡುಗರ ಕೈ ಎಷ್ಟು ಪಳಗಿತೆಂದರೆ ಗೋರ್ಹೆ ಹೋಗಿ ಫುಲೆ ಬಂತು. ಫೂಲ ಎಂದರೆ ಹೂ, ಹೂವಿನವರು ಫುಲೆ. ಕೊನೆಯ ಪೇಶ್ವೆ ಎರಡನೇ ಬಾಜೀರಾವನ ದರಬಾರಿಗೆ ಇವರು ಹೂವಿನ ಹಾಸಿಗೆಗಳನ್ನು ಮಾಡಿಕೊಡುತ್ತಿದ್ದರು, ಪೂಜೆ ಸಮಾರಂಭಗಳ ಹೂವನ್ನೂ ಪೂರೈಸುತ್ತಿದ್ದರು. ಮೆಚ್ಚಿದ ಪೇಶ್ವೆ 35 ಎಕರೆ ಇನಾಮು ಭೂಮಿ ಕೊಟ್ಟ. ಕಂದಾಯವಿಲ್ಲದ ಭೂಮಿ.

ಮುಂದಿನದನ್ನು ನಾನು ಹೇಳದಿದ್ದರೂ ನೀವು ಊಹಿಸುತ್ತೀರಿ. ಹಿರಿಯಣ್ಣ ಉಪಾಯ ಮಾಡಿ ಇಡೀ ಇನಾಮನ್ನು ತನ್ನದಾಗಿಸಿಕೊಂಡ. ತಮ್ಮಂದಿರಿಬ್ಬರ ಪಾಲಿಗೆ ಉಳಿದದ್ದು ಅವರ ಕೈಯ ಕಸುಬು. ಕಿರಿಯವನು ಗೋವಿಂದರಾವ್. ಒಂದಿಷ್ಟು ಬೇಸಾಯ, ಒಂದು ಹೂವಿನ ಅಂಗಡಿ ಇಟ್ಟುಕೊಂಡು ಮತ್ತೆ ಮೊದಲಿನಿಂದ ಆರಂಭಿಸಿದ. ಅವನ ಎರಡನೇ ಮಗ ಜೋತಿರಾವ್.

ಹುಟ್ಟಿದ್ದು 1827ರ ಏಪ್ರಿಲ್ 11, ಚೈತ್ರದಲ್ಲಿ. ಕೊಲ್ಹಾಪುರದ ಹತ್ತಿರ ಗುಡ್ಡದ ಮೇಲಿರುವ ಜೋತಿಬಾ ದೇವರ ಜಾತ್ರೆಯ ದಿನಗಳವು. ಅದಕ್ಕೇ ಆ ಹೆಸರು. ನಮ್ಮ ಗಡಿಭಾಗದಿಂದ ಇವತ್ತೂ ಆ ಜಾತ್ರೆಗೆ ಎತ್ತರದ ಸಾಸನಕಾಠಿ ಹೊತ್ತು, ಮೈತುಂಬ ಗುಲಾಲು ಎರಚಿಕೊಂಡು ಹೋಗುವವರಿದ್ದಾರೆ. ಮಾಘ ಕಳೆದು ಫಾಲ್ಗುಣ, ಫಾಲ್ಗುಣ ಕಳೆದು ಚೈತ್ರ: ಈ ಮೂರು ತಿಂಗಳು ಹೂವಿನ ಮನೆಗೆ ಉಸಿರಾಡಲು ಬಿಡುವಿಲ್ಲದ ಕಾಲ. ಸೇವಂತಿಗೆ ಮುಗಿಯುತ್ತ ಬಂದಿರುತ್ತದೆ, ಮಲ್ಲಿಗೆ ಮೊಗ್ಗು ಬಿಡಲು ಶುರುಮಾಡಿರುತ್ತದೆ. ಶಿವರಾತ್ರಿ, ಹೋಳಿ, ರಂಗಪಂಚಮಿ, ಪಾಡ್ಯ, ರಾಮನವಮಿ ಸಾಲುಸಾಲಾಗಿ ಬರುತ್ತವೆ, ಜೊತೆಗೆ ಮದುವೆಗಳು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದಿತ್ತು ನಿಜ, ಆದರೆ ಪುಣೆಯ ದೇವರುಗಳಿಗೂ ಮದುಮಕ್ಕಳಿಗೂ ಹೂ ಬೇಕೇ ಬೇಕಿತ್ತು. ಇತ್ತ ಹೊಲದಲ್ಲಿ ಹಿಂಗಾರಿನ ಜೋಳ ಕೊಯ್ಲಿಗೆ ಬರುವುದೂ ಇದೇ ಹೊತ್ತಿನಲ್ಲಿ. ಕಡಲೆ ಕೀಳಬೇಕು, ಕುಸುಬೆ ಮುಳ್ಳು ಚುಚ್ಚಿಸಿಕೊಂಡು ಕೊಯ್ಯಬೇಕು, ಬಾವಿಯ ನೀರು ಇಳಿಯುವ ಮೊದಲು ಕಪಿಲೆ ಹೊಡೆದು ಗಿಡ ಉಳಿಸಿಕೊಳ್ಳಬೇಕು. ಇಂಥ ಮನೆಯಲ್ಲಿ ಮಗುವೂ ಒಂದು ಜೊತೆ ಕೈಯೇ.

ಈ ಮಗುವಿಗೆ ವರ್ಷ ತುಂಬುವ ಮೊದಲೇ ತಾಯಿ ಚಿಮಣಾಬಾಯಿ ತೀರಿಕೊಂಡರು. ಗೋವಿಂದರಾವ್ ಮತ್ತೆ ಮದುವೆಯಾಗಲಿಲ್ಲ. ಸಂಬಂಧದಲ್ಲಿ ಅಕ್ಕನಾಗಬೇಕಾದ ಬಾಲವಿಧವೆ ಸಗುಣಾಬಾಯಿ ಕ್ಷೀರಸಾಗರ ಬಂದು ಮಕ್ಕಳನ್ನು ಸಾಕಿದರು. ಆಕೆ ಒಬ್ಬ ಮಿಷನರಿ ಸಾಹೇಬರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿದ್ದವರು, ಅಲ್ಲಿ ಕಿವಿಗೆ ಬಿದ್ದ ಇಂಗ್ಲಿಷನ್ನು ಕಲಿತುಕೊಂಡಿದ್ದವರು. ಮುಂದೆ ಜೋತಿರಾವ್ ಸಾಕಿದ ಮಕ್ಕಳ ಸಂಖ್ಯೆ ನೋಡಿದಾಗಲೆಲ್ಲ ನನಗೆ ಸಗುಣಾಬಾಯಿ ನೆನಪಾಗುತ್ತಾರೆ. ಹೆತ್ತವರಲ್ಲದವರ ಕೈಯಲ್ಲಿ ಬೆಳೆದವನಿಗೆ ಮನೆ ಎಂದರೆ ರಕ್ತಸಂಬಂಧದ ಲೆಕ್ಕ ಮಾತ್ರವಲ್ಲ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹುಡುಗ ಮರಾಠಿ ಶಾಲೆಗೆ ಹೋದ. ಓದು ಬರಹ ಲೆಕ್ಕ ಬಂದ ಕೂಡಲೇ ಅಪ್ಪ ಶಾಲೆ ಬಿಡಿಸಿ ಹೊಲಕ್ಕೆ ಹಚ್ಚಿದ. ಅಂಗಡಿಯ ಗುಮಾಸ್ತನೊಬ್ಬ, ಓದಿದರೆ ಹುಡುಗ ಹೊಲಕ್ಕೆ ದಕ್ಕುವುದಿಲ್ಲ ಎಂದು ತಲೆಗೆ ತುಂಬಿದ್ದನಂತೆ. ಮೂರು ವರ್ಷ ಜೋತಿರಾವ್ ಅಗೆದರು, ನೀರು ಕಟ್ಟಿದರು, ಹೂ ಬಿಡಿಸಿದರು. ಹದಿಮೂರಕ್ಕೆ ಮದುವೆಯೂ ಆಯಿತು, ಹುಡುಗಿ ನಾಯಗಾಂವದ ನೇವಸೆ ಮನೆತನದ ಒಂಬತ್ತು ವರ್ಷದ ಸಾವಿತ್ರಿ. ಆಮೇಲೆ ನೆರೆಯವರಾದ ಗಫಾರ್ ಬೇಗ್ ಮುನ್ಶಿ ಮತ್ತು ಲಿಜಿಟ್ ಎಂಬ ಸಾಹೇಬರು ಗೋವಿಂದರಾವ್ ಅವರ ಬೆನ್ನು ಹತ್ತಿ ಒಪ್ಪಿಸಿ, 1841ರಲ್ಲಿ ಹುಡುಗನನ್ನು ಸ್ಕಾಟಿಷ್ ಮಿಷನ್ ಶಾಲೆಗೆ ಸೇರಿಸಿದರು. ಶಾಲೆ ಮುಗಿದದ್ದು 1847ರಲ್ಲಿ.

1848ರಲ್ಲಿ ಬುಧವಾರ ಪೇಠೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ, ಸಾವಿತ್ರಿಬಾಯಿ ಶಿಕ್ಷಕಿಯಾದದ್ದು, ದಾರಿಯಲ್ಲಿ ಅವರ ಮೇಲೆ ಸಗಣಿ ಎರಚಿದ್ದು ಇವೆಲ್ಲ ನಿಮಗೆ ಗೊತ್ತು, ನಮ್ಮ ಪಠ್ಯಪುಸ್ತಕಗಳಲ್ಲೂ ಬಂದಿದೆ. ಆ ಕಥೆಯಲ್ಲಿ ನಾನು ನಿಲ್ಲುವುದು ಗೋವಿಂದರಾವ್ ಬಳಿ. 1849ರಲ್ಲಿ ಅವರು ಮಗ ಸೊಸೆಯನ್ನು ಮನೆಯಿಂದ ಹೊರಗೆ ಹಾಕಿದರು. ಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ, ಅಪ್ಪ ಖಳನಾಯಕನಂತೆ ಕಾಣುತ್ತಾನೆ. ಆದರೆ ಅಣ್ಣನಿಂದ 35 ಎಕರೆ ಕಳೆದುಕೊಂಡು, ಗಿರಾಕಿಗಳ ವಿಶ್ವಾಸವೊಂದನ್ನೇ ಬಂಡವಾಳ ಮಾಡಿಕೊಂಡು ಅಂಗಡಿ ನಡೆಸುತ್ತಿದ್ದ ಮನುಷ್ಯ ಅವರು. ಹೂ ಕೊಳ್ಳುವವರು ಯಾರು? ಪೂಜೆ ಮಾಡುವವರು, ಮದುವೆ ಮಾಡುವವರು. ಅವರೇ ಮುನಿದರೆ? ಜಾತಿಯವರು ಹೊರಗಿಟ್ಟರೆ? ಆ ತಂದೆ ಎಷ್ಟು ಅಂಜಿರಬಹುದು ಎಂಬುದು ಹೊಲಮನೆಯಲ್ಲಿ ಹುಟ್ಟಿದವರಿಗೆ ಅರ್ಥವಾಗುತ್ತದೆ. ಮಗನೂ ಸೊಸೆಯೂ ಬಟ್ಟೆ ಗಂಟು ಹೊತ್ತು ಹೊರಟರು. ಉಸ್ಮಾನ್ ಶೇಖ್ ಎಂಬ ಗೆಳೆಯ ತನ್ನ ಮನೆಯಲ್ಲಿ ಜಾಗ ಕೊಟ್ಟ. ಅವನ ತಂಗಿ ಫಾತಿಮಾ, ಸಾವಿತ್ರಿಬಾಯಿಯ ಜೊತೆ ಕಲಿಸಲು ನಿಂತಳು.

ಗಂಡ ಹೆಂಡತಿಗೆ ಮಕ್ಕಳಾಗಲಿಲ್ಲ. ಆದರೆ ಗಂಜ್ ಪೇಠೆಯ ಅವರ ಮನೆಯಷ್ಟು ತುಂಬಿದ ಮನೆ ಆಗಿನ ಪುಣೆಯಲ್ಲಿ ಎಷ್ಟಿದ್ದವೋ! 1863ರಲ್ಲಿ ಅವರು ಬಸಿರಾದ ವಿಧವೆಯರಿಗಾಗಿ ಒಂದು ಆಶ್ರಯ ತೆರೆದರು. ಗುಟ್ಟಾಗಿ ಬಂದು ಹೆತ್ತು, ಮಗುವನ್ನು ಬೇಕಾದರೆ ಬಿಟ್ಟುಹೋಗಬಹುದು. ಅದಕ್ಕೆ ಕಾರಣವಾದದ್ದು ಅವರ ಗೆಳೆಯರೊಬ್ಬರ ಮನೆಯಲ್ಲಿ ಅಡುಗೆಗಿದ್ದ ಬ್ರಾಹ್ಮಣ ವಿಧವೆಯ ಪ್ರಕರಣ. ಹುಟ್ಟಿದ ಮಗುವನ್ನು ಕೊಂದ ಅಪರಾಧಕ್ಕೆ ಆಕೆಗೆ ಅಂಡಮಾನಿನ ಶಿಕ್ಷೆಯಾಯಿತು, ಅವಳನ್ನು ಬಸಿರು ಮಾಡಿದವನಿಗೆ ಏನೂ ಆಗಲಿಲ್ಲ. 1884ರಲ್ಲಿ ಜೋತಿರಾವ್ ಅವರೇ ಬರೆದಿಟ್ಟ ಲೆಕ್ಕದ ಪ್ರಕಾರ ಅಲ್ಲಿಯವರೆಗೆ 35 ವಿಧವೆಯರು ಬಂದು ಹೆತ್ತಿದ್ದರು. ಬದುಕುಳಿದಿದ್ದ ಕೂಸುಗಳು ಐದು. ಉಳಿದವು ಹೊಟ್ಟೆಯಲ್ಲಿದ್ದಾಗಲೇ ಔಷಧಿ ಹಾಕಿಸಿಕೊಂಡು ಬಳಲಿ ಬಂದಂಥವು. 35 ಬಾಣಂತನ, 30 ಸಾವು, ಇಷ್ಟನ್ನು ಮನೆಯೊಳಗೆ ನಿಂತು ನೋಡಿದವರು ಸಾವಿತ್ರಿಬಾಯಿ. ಹಾಗೆ ಹುಟ್ಟಿದ ಒಂದು ಗಂಡುಮಗುವನ್ನು ದಂಪತಿಗಳು ದತ್ತು ತೆಗೆದುಕೊಂಡರು, ಹೆಸರು ಯಶವಂತ. 1868ರಲ್ಲಿ ಮನೆಯ ನೀರಿನ ಹೌದನ್ನು ಅಸ್ಪೃಶ್ಯರಿಗೆ ತೆರೆದರು. 1876-77ರ ಬರದಲ್ಲಿ ಧನಕವಡಿಯಲ್ಲಿ ಅನಾಥ ಮಕ್ಕಳಿಗೆ ಆಶ್ರಮ ನಡೆಸಿದರು. ಓದಲು ಬಂದ ಹಳ್ಳಿ ಹುಡುಗರು, ಸತ್ಯಶೋಧಕ ಸಮಾಜದ ಕೆಲಸಕ್ಕೆ ಬಂದವರು, ಎಲ್ಲರೂ ಊಟಕ್ಕಿರುತ್ತಿದ್ದರು.

ಇಷ್ಟು ಬಾಯಿಗೆ ಅನ್ನ ಎಲ್ಲಿಂದ? ಸುಧಾರಕರ ಚರಿತ್ರೆಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಜೋತಿರಾವ್ ದೇಣಿಗೆಯ ಮೇಲೆ ಬದುಕಿದವರಲ್ಲ. ಲೋಹ ಎರಕದ ಸಾಮಾನು ಪೂರೈಸುವ ವ್ಯಾಪಾರ ಮಾಡಿದರು. ಗುತ್ತಿಗೆದಾರರಾದರು. ಕಾತ್ರಜ ಸುರಂಗಕ್ಕೆ ಕೂಲಿಯಾಳು ಪೂರೈಸಿದರು, ಯೆರವಡಾ ಜೈಲಿನ ಕಟ್ಟಡಕ್ಕೂ ಪೂರೈಸಿದರು, 1870ರ ದಶಕದಲ್ಲಿ ಮುಳಾ-ಮುಠಾ ನದಿಯ ಅಣೆಕಟ್ಟಿನ ಕೆಲಸಕ್ಕೆ ಸಾಮಗ್ರಿ ಪೂರೈಸಿದರು. 1876ರಿಂದ ಕೆಲವು ವರ್ಷ ಪುಣೆ ನಗರಸಭೆಯ ಸದಸ್ಯರೂ ಆಗಿದ್ದರು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗಕ್ಕೆ ಮನವಿ ಕೊಟ್ಟಾಗ ತಮ್ಮ ಪರಿಚಯವನ್ನು ವ್ಯಾಪಾರಿ, ಬೇಸಾಯಗಾರ, ನಗರಸಭೆ ಗುತ್ತಿಗೆದಾರ ಎಂದು ಬರೆದುಕೊಂಡರು. ಅದರಲ್ಲಿ ಸುಧಾರಕ ಎಂಬ ಪದವಿಲ್ಲ.

ಆ ಬೇಸಾಯ ಮಾಂಜರಿಯದು. ಸುಮಾರು 60 ಎಕರೆ ಎಂದು ಲೆಕ್ಕ. ಖಡಕವಾಸಲಾ ಅಣೆಕಟ್ಟಿನಿಂದ ಹೊರಟ ಮುಠಾ ಬಲದಂಡೆ ಕಾಲುವೆ ಹಡಪಸರ ದಾಟಿ ಪೂರ್ವಕ್ಕೆ ಹೋಗುವಾಗ ಈ ಭಾಗಕ್ಕೆ ನೀರು ಬಂತು. ಅದುವರೆಗೆ ಮಳೆ ನಂಬಿದ ನೆಲ. 60 ಎಕರೆ ಎಂದರೆ ಇವತ್ತು ನಮಗೆ ಜಹಗೀರು ಅನ್ನಿಸುತ್ತದೆ. ಆದರೆ ದಖ್ಖನಿನ ಒಣ ನೆಲದಲ್ಲಿ, ಊಟಕ್ಕೆ ಕೂರುವ ತಲೆಗಳನ್ನು ಎಣಿಸಿದರೆ ಅದು ದೊಡ್ಡದಲ್ಲ. ಕಾಲುವೆ ನೀರು ಎಂದರೆ ಅಂದಿನ ರೈತನಿಗೆ ಅನುಮಾನ. ನೀರಿನ ಕರ ಕಟ್ಟಬೇಕು, ಬೇಕಾದಾಗ ನೀರು ಬರುತ್ತದೆಂಬ ಖಾತ್ರಿಯಿಲ್ಲ. ಜೋತಿರಾವ್ ತಾವೇ ಆ ನೀರಿನಿಂದ ತರಕಾರಿ ಬೆಳೆದು ಮಾಡಿ ತೋರಿಸಿದರು. ಅದೇ ಅಣೆಕಟ್ಟಿಗೆ ಸಾಮಗ್ರಿ ಕೊಟ್ಟವರು, ಅದೇ ಕಾಲುವೆಯ ಕೊನೆಯಲ್ಲಿ ಗುದ್ದಲಿ ಹಿಡಿದು ಮಡಿ ಕಟ್ಟಿದವರು. ವ್ಯವಸ್ಥೆಯನ್ನು ಕಟ್ಟುವ ಕಡೆಯಿಂದಲೂ ಬಳಸುವ ಕಡೆಯಿಂದಲೂ ನೋಡಿದವರು ನಮ್ಮ ಸಾಫ್ಟ್‌ವೇರ್ ಉದ್ಯಮದಲ್ಲೇ ಕಡಿಮೆ.

ಈ ಅನುಭವವೆಲ್ಲ ಇಳಿದದ್ದು 1883ರಲ್ಲಿ ಮುಗಿಸಿದ ಪುಸ್ತಕದಲ್ಲಿ. ಮರಾಠಿಯ ಹೆಸರು ಶೇತಕರ್ಯಾಚಾ ಆಸೂಡ. ನಮ್ಮ ಕಡೆಯ ಮಾತಿನಲ್ಲಿ ರೈತನ ಬಾರಕೋಲು. ಬ್ರಾಹ್ಮಣ ಅಧಿಕಾರಿಗಳ ಮೇಲೆ, ಸರ್ಕಾರದ ಮೇಲೆ, ಸಾಲಗಾರರ ಮೇಲೆ ಅದು ಬೀಸಿದ ಹೊಡೆತದ ಬಗ್ಗೆ ಬಹಳ ಚರ್ಚೆಯಾಗಿದೆ, ಕೆಲವು ಕಡೆ ಕೈ ತುಸು ಜೋರಾಗಿಯೇ ಬಿದ್ದಿದೆ ಎಂದು ನನಗೂ ಅನ್ನಿಸುತ್ತದೆ. ನನಗೆ ಅದರಲ್ಲಿ ಮುಖ್ಯವಾಗಿ ಕಂಡದ್ದು ಬೇರೆ. ಆ ಮನುಷ್ಯ ಒಂದು ರೈತ ಕುಟುಂಬದ ಒಳಗೆ ಹೋಗಿ ಕೂರುತ್ತಾನೆ. ಸಾಹೇಬರ ಕಚೇರಿಗೆ ಅಲೆದು ಬರಿಗೈಲಿ ಮರಳುವ ರೈತ, ಹಾಸಿಗೆ ಹಿಡಿದ ತಾಯಿ, ಮನೆಯೊಳಗೇ ಕಟ್ಟಿದ ದನ, ಹರಿದ ಹಚ್ಚಡ. ಯಾರೋ ದೂರದಿಂದ ಮರುಗಿ ಬರೆದದ್ದಲ್ಲ ಅದು.

ಇನ್ನೊಂದು ಕಡೆ ಅವರು ಹೊಲ ಯಾಕೆ ಸೋತಿತು ಎಂದು ಹುಡುಕುತ್ತಾರೆ. ಹಿಂದೆ ಮನೆಯ ನಾಲ್ಕು ಹುಡುಗರಲ್ಲಿ ಒಬ್ಬಿಬ್ಬರು ದಂಡಿಗೆ ಸೇರುತ್ತಿದ್ದರು. ಈಗ ಆ ದಾರಿ ಮುಚ್ಚಿತು, ಎಲ್ಲರೂ ಹೊಲದ ಮೇಲೆಯೇ ಬಿದ್ದರು. ಮನೆ ಬೆಳೆಯಿತು, ಹೊಲ ಬೆಳೆಯಲಿಲ್ಲ. ಹೊಲವನ್ನು ಒಂದು ವರ್ಷ ಬೀಳು ಬಿಟ್ಟು ಆರಿಸಲು ಯಾರಿಗೂ ಧೈರ್ಯವಿಲ್ಲ. ಮಣ್ಣು ಕಸುವು ಕಳೆದುಕೊಂಡಿತು. ಅದರ ಮೇಲೆ ಅರಣ್ಯ ಇಲಾಖೆ ಗಾಯರಾಣವನ್ನೆಲ್ಲ ಕಿತ್ತುಕೊಂಡಿತು, ದನ ಕುರಿ ಮೇಯಿಸಲು ಜಾಗವಿಲ್ಲ, ದನವಿಲ್ಲದೆ ಗೊಬ್ಬರವಿಲ್ಲ. ದೊಡ್ಡ ಸಂಸಾರ, ಸಣ್ಣ ಹೊಲ: ರೈತನ ಬಡತನದ ಲೆಕ್ಕವನ್ನು ಅವರು ಇಲ್ಲಿಂದ ಶುರುಮಾಡುತ್ತಾರೆ.

ಈ ಭಾಗ ಓದುವಾಗ ನಮ್ಮ ಮನೆ ಕಣ್ಣಮುಂದೆ ಬಂತು. ಅಪ್ಪ, ಇಬ್ಬರು ಕಾಕಾಂದಿರು, ಅವರ ಸಂಸಾರ ಸೇರಿ 14 ಮಂದಿ, ಆರೂವರೆ ಎಕರೆ. ಚಿಕ್ಕವನಿದ್ದಾಗ ಶಿವರಾತ್ರಿಯ ಹೊತ್ತಿಗೆ ಇಡೀ ಮನೆ ಹೊಲದಲ್ಲಿರುತ್ತಿತ್ತು. ಅಜ್ಜಿ ರೊಟ್ಟಿ ಗಂಟು ಹೊತ್ತು ಬರುತ್ತಿದ್ದಳು. ಅದಕ್ಕೂ ತುಸು ಮೊದಲು ಎಳೆ ಜೋಳದ ತೆನೆ ಸುಟ್ಟು ಉಜ್ಜಿ ಸೀತನಿ ತಿನ್ನುವುದು. (ಪುಣೆಯಲ್ಲಿ ಇದಕ್ಕೆ ಹುರಡಾ ಎನ್ನುತ್ತಾರೆ, ಈಗ ನಗರದವರಿಗಾಗಿ ತಲೆಗಿಷ್ಟು ಎಂದು ದುಡ್ಡು ಪಡೆದು ಹುರಡಾ ಪಾರ್ಟಿ ನಡೆಯುತ್ತದೆ.) ಆಮೇಲೆ ನಮ್ಮಲ್ಲಿ ಜೋಳ ಹೋಗಿ ಕಬ್ಬು ಬಂತು. ಕಬ್ಬು ಕಳಿಸಿದ ಮೇಲೆ ಬಿಲ್ಲಿಗಾಗಿ ಕಾಯುವುದೇ ನಮ್ಮ ಫಾಲ್ಗುಣವಾಯಿತು. ಈ ವರ್ಷವೂ ಫೆಬ್ರುವರಿಯಲ್ಲಿ ಅಪ್ಪ ಫೋನು ಮಾಡಿ, ಕಾರ್ಖಾನೆಯವರು ಇನ್ನೂ ಹಣ ಹಾಕಿಲ್ಲ, ಸಣ್ಣ ಕಾಕಾ ಪಾಲು ಕೇಳುತ್ತಿದ್ದಾನೆ, ಮೋಜಣಿಗೆ ಅರ್ಜಿ ಹಾಕಿದ್ದಾರೆ ಎಂದರು. ಆರೂವರೆ ಎಕರೆಯನ್ನು ಮೂರು ಪಾಲು ಮಾಡಿದರೆ ಬಾವಿ ಯಾರ ಪಾಲಿಗೆ ಎಂಬುದೇ ಜಗಳ. ನಾನು ಪುಣೆಯಲ್ಲಿ ದುಡಿಯುವವನು, ನನಗೆ ಭೂಮಿ ಯಾಕೆ ಎಂದು ಕಾಕಾ ಕೇಳಿದರಂತೆ. ನ್ಯಾಯವಾದ ಪ್ರಶ್ನೆಯೇ. ಹಿಂದೆ ದಂಡಿಗೆ ಹೋದಂತೆ ಈಗ ನಾವು ಪುಣೆ, ಬೆಂಗಳೂರಿಗೆ ಬಂದಿದ್ದೇವೆ. ಮನೆಯಿಂದ ಒಂದು ಬಾಯಿ ಕಡಿಮೆಯಾಗಿದೆ, ಆದರೂ ಲೆಕ್ಕ ಹೊಂದುತ್ತಿಲ್ಲ.

ಬಾರಕೋಲು ಬರಿಯ ಗೋಳಲ್ಲ. ಅದರಲ್ಲಿ ಮಾಡಬೇಕಾದ ಕೆಲಸಗಳಿವೆ, ಎಂಜಿನಿಯರನ ಕಣ್ಣಿಗೆ ಅವು ಬಹಳ ಇಷ್ಟವಾಗುತ್ತವೆ. ಬೆಟ್ಟ ಗುಡ್ಡದ ಇಳಿಜಾರಿನಲ್ಲಿ ಸಣ್ಣ ಸಣ್ಣ ಒಡ್ಡು ಹಾಕಿ ಮಳೆನೀರು ಹೊಲದಲ್ಲೇ ಇಂಗುವಂತೆ ಮಾಡಬೇಕು, ಕೊಚ್ಚಿಹೋಗುವ ಮೇಲ್ಮಣ್ಣು ಹಿಡಿಯಬೇಕು. ಸುಮ್ಮನೆ ಕೂತ ಸೈನಿಕರನ್ನೂ ಪೊಲೀಸರನ್ನೂ ಈ ಕೆಲಸಕ್ಕೆ ಹಚ್ಚಬೇಕು. ಕೆರೆ ತೊರೆ ಕಟ್ಟೆಗಳನ್ನು ದುರಸ್ತಿ ಮಾಡಬೇಕು. ಒಳ್ಳೆಯ ತಳಿಯ ಕುರಿ ತರಿಸಬೇಕು. ಬೆಳೆ ಪ್ರದರ್ಶನ ಇಟ್ಟು ಬಹುಮಾನ ಕೊಡಬೇಕು. ರೈತರ ಮಕ್ಕಳಿಗೆ ಕೃಷಿ ವಿದ್ಯೆ ಕೊಡಿಸಿ ಹೊರದೇಶದ ಕೃಷಿಶಾಲೆಗಳನ್ನೂ ತೋರಿಸಬೇಕು. ಕಾಲುವೆ ನೀರಿನ ವಿಷಯದಲ್ಲಂತೂ ಅವರ ಸಲಹೆ ಸ್ಪಷ್ಟ: ಪ್ರತಿ ರೈತನ ಹೊಲಕ್ಕೆ ಅದರ ಅಳತೆಗೆ ತಕ್ಕಂತೆ ಒಂದು ತೋಟಿ ಕೊಡಿ, ಬೇಕಾದಷ್ಟೇ ನೀರು ಹರಿಯಲಿ. ಇವತ್ತಿನ ಭಾಷೆಯಲ್ಲಿ ಅದು ಮೀಟರು. ಕಾಲುವೆಯ ಬಾಯಲ್ಲಿದ್ದವನು ಕಬ್ಬಿಗೆ ಹಗಲು ರಾತ್ರಿ ನೀರು ಬಿಟ್ಟು, ಕೊನೆಯಲ್ಲಿದ್ದವನು ಜೋಳ ಒಣಗಿಸಿಕೊಳ್ಳುವುದನ್ನು ಘಟಪ್ರಭಾ ಕಾಲುವೆಯ ದಂಡೆಯಲ್ಲಿ ನೋಡಿ ಬೆಳೆದ ನನಗೆ ಆ ತೋಟಿಯ ಬೆಲೆ ಗೊತ್ತು.

ಪುಸ್ತಕದ ಪಾಡು ಕೇಳಿ. ಮೊದಲ ಎರಡು ಅಧ್ಯಾಯಗಳು ದೀನಬಂಧು ಪತ್ರಿಕೆಯಲ್ಲಿ ಬಂದವು. ಸಂಪಾದಕರು ನಾರಾಯಣ ಲೋಖಂಡೆ, ಫುಲೆಯವರದೇ ಸತ್ಯಶೋಧಕ ಸಮಾಜದವರು. ಸರ್ಕಾರದ ಕಣ್ಣು ಬಿದ್ದೀತೆಂದೋ ಏನೋ ಮುಂದಿನ ಅಧ್ಯಾಯಗಳನ್ನು ಅವರು ಹಾಕಲಿಲ್ಲ. ಜೋತಿರಾವ್ ಸಿಟ್ಟಾದರು. ಬರೋಡಾದ ಸಯಾಜಿರಾವ್ ಗಾಯಕವಾಡರ ಮುಂದೆ ಹಸ್ತಪ್ರತಿಯನ್ನು ಓದಿ ಹೇಳಿದರು. ಆಗ ಸಯಾಜಿರಾವ್‌ಗೆ ಇಪ್ಪತ್ತರ ಆಸುಪಾಸು. ನಾಸಿಕ ಕಡೆಯ ರೈತ ಮನೆಯಿಂದ ದತ್ತು ಹೋಗಿ ಮಹಾರಾಜನಾದವನು, ಕೇಳಿಸಿಕೊಂಡ.

1888ರ ಮಾರ್ಚ್ ತಿಂಗಳಲ್ಲಿ ಪುಣೆಯಲ್ಲಿ ಒಂದು ದೊಡ್ಡ ಔತಣ. ವಿಕ್ಟೋರಿಯಾ ರಾಣಿಯ ಮಗ ಡ್ಯೂಕ್ ಆಫ್ ಕನಾಟ್ ಅತಿಥಿ. ಔತಣ ಕೊಟ್ಟವರು ಜೋತಿರಾವ್ ಅವರ ಗೆಳೆಯ ಹರಿ ರಾವಜಿ ಚಿಪಳೂಣಕರ್. ಹೊರಗೆ ಹೊಲಗಳಲ್ಲಿ ಜೋಳದ ರಾಶಿ ನಡೆಯುವ ಕಾಲ, ಒಳಗೆ ಜರಿ ರುಮಾಲು, ವಜ್ರದ ಹಾರ. ಜೋತಿರಾವ್ ರೈತನ ವೇಷದಲ್ಲಿ ಬಂದರು. ತಲೆಗೆ ಮುಂಡಾಸು, ಹೆಗಲಿಗೆ ಹರಕು ಕಂಬಳಿ. ಬಾಗಿಲಲ್ಲಿ ತಡೆದರೆಂದೂ ಚಿಪಳೂಣಕರ್ ಬಂದು ಒಳಗೆ ಕರೆದುಕೊಂಡರೆಂದೂ ಹೇಳುತ್ತಾರೆ. ಎದ್ದು ನಿಂತು ಮಾತಾಡಿ, ಇಲ್ಲಿ ಕುಳಿತವರನ್ನು ನೋಡಿ ಇದೇ ಹಿಂದೂಸ್ಥಾನ ಎಂದುಕೊಳ್ಳಬೇಡಿ, ಹಳ್ಳಿಗಳಿಗೆ ಹೋಗಿ ನೋಡಿ, ನೋಡಿದ್ದನ್ನು ನಿಮ್ಮ ತಾಯಿಗೆ ತಿಳಿಸಿ ಎಂಬ ಅರ್ಥದಲ್ಲಿ ಡ್ಯೂಕನಿಗೆ ನೇರವಾಗಿ ಹೇಳಿದರು. ಗುತ್ತಿಗೆದಾರನಾಗಿ ಕೋಟು ಹಾಕಿಕೊಂಡು ಬರಬಹುದಾಗಿದ್ದ ಮನುಷ್ಯ. ಇದನ್ನು ಕೆಲವರು ನಾಟಕ ಎಂದರು. ಇರಬಹುದು. ಆದರೆ ಮಾಂಜರಿಯ ಹೊಲಕ್ಕೆ ಹೋಗುವ ಬಟ್ಟೆಯೇ ತಾನೆ ಅದು?

ಅದೇ ವರ್ಷ ಮೇ 11ರಂದು ಮುಂಬಯಿಯಲ್ಲಿ ಜನ ಸೇರಿ ಅವರಿಗೆ ಮಹಾತ್ಮ ಎಂಬ ಬಿರುದು ಕೊಟ್ಟರು. ಜುಲೈಯಲ್ಲಿ ಪಾರ್ಶ್ವವಾಯು ಬಡಿದು ದೇಹದ ಬಲಭಾಗ ಬಿದ್ದುಹೋಯಿತು. ಎಡಗೈಯಲ್ಲಿ ಬರೆಯುವುದನ್ನು ರೂಢಿಸಿಕೊಂಡು ಕೊನೆಯ ಪುಸ್ತಕ ಸಾರ್ವಜನಿಕ ಸತ್ಯಧರ್ಮವನ್ನು ಮುಗಿಸಿದರು. ಗಳಿಸಿದ್ದೆಲ್ಲ ಶಾಲೆ, ಆಶ್ರಯ, ಅನ್ನಕ್ಕೆ ಹೋಗಿತ್ತು, ಮನೆ ನಡೆಯುವುದೇ ಕಷ್ಟವಾಯಿತು. ಅದರ ನಡುವೆಯೇ 1889ರ ಫೆಬ್ರುವರಿ 4ರಂದು ಯಶವಂತನ ಮದುವೆ. ವಿಧವೆಯ ಮಗನಿಗೆ ಹೆಣ್ಣು ಕೊಡುವವರು ಯಾರು ಎಂಬ ಚಿಂತೆಗೆ ಉತ್ತರವಾಗಿ ಬಂದವರು ಹಡಪಸರದ ರೈತ ಜ್ಞಾನೋಬಾ ಸಾಸಣೆ. ಅವರ ಮಗಳು ರಾಧಾ. ಮದುವೆಗೆ ಮೊದಲೇ ಅವಳನ್ನು ಮನೆಗೆ ಕರೆಸಿಕೊಂಡು ಓದು ಕಲಿಸಿದ್ದರು. ಪುರೋಹಿತರಿಲ್ಲದೆ ಸತ್ಯಶೋಧಕ ಪದ್ಧತಿಯಲ್ಲಿ ಮದುವೆ ನಡೆಯಿತು. ಸಾಸಣೆ ಎಂಬ ಹೆಸರು ಹಡಪಸರದಲ್ಲಿ ಈಗಲೂ ಅಂಗಡಿ ಬೋರ್ಡುಗಳ ಮೇಲಿದೆ, ಸಾಸಣೆ ನಗರ ಎಂಬ ಬಡಾವಣೆಯೇ ಇದೆ. ನಮ್ಮ ಆಫೀಸಿನ ಕ್ಯಾಬು ಅದೇ ಕಡೆಯಿಂದ ಹಾದು ಬರುತ್ತದೆ.

1890ರ ನವೆಂಬರ್ 28ರಂದು ಜೋತಿರಾವ್ ತೀರಿಕೊಂಡರು. ತಮ್ಮನ್ನು ಸುಡಬಾರದು, ಮನೆಯ ಹಿತ್ತಲಲ್ಲೇ ಉಪ್ಪು ಹಾಕಿ ಹೂಳಬೇಕೆಂದು ಗುಂಡಿಯನ್ನೂ ತೋಡಿಸಿಟ್ಟಿದ್ದರು. ವಸತಿಯ ನಡುವೆ ಹೂಳಲು ನಗರಸಭೆ ಒಪ್ಪಲಿಲ್ಲ. ಕೊನೆಗೆ ದಹನವೇ ಆಯಿತು, ಬೂದಿ ಹಿತ್ತಲಿಗೆ ಬಂತು. ದತ್ತುಮಗನಿಗೆ ಹಕ್ಕಿಲ್ಲವೆಂದು ನಂಟರು ತಕರಾರು ತೆಗೆದಾಗ ಸಾವಿತ್ರಿಬಾಯಿಯೇ ಮಡಕೆ ಹಿಡಿದು ಮುಂದೆ ನಡೆದರು. ಗಂಜ್ ಪೇಠೆಯ ಆ ಮನೆ ಈಗ ಸ್ಮಾರಕ. ಹಿತ್ತಲಲ್ಲಿ ತುಳಸಿಕಟ್ಟೆ, ಬಾವಿ ಇವೆ. ಜನ ಹೆಚ್ಚಿರುವುದಿಲ್ಲ, ಮರಾಠಿ ಶಾಲೆಗಳ ಮಕ್ಕಳು ಸಾಲಾಗಿ ಬಂದು ಹೋಗುತ್ತಾರೆ.

ಸಾವಿತ್ರಿಬಾಯಿ ಆಮೇಲೆ ಆರು ವರ್ಷಕ್ಕೂ ಹೆಚ್ಚು ಕಾಲ ಇದ್ದರು. 1896-97ರಲ್ಲಿ ಮತ್ತೆ ಬರ, ಅದರ ಜೊತೆಗೆ ಪ್ಲೇಗು. ಪುಣೆಯ ಪೇಠೆಗಳು ಖಾಲಿಯಾದವು, ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಡಾಕ್ಟರಾಗಿದ್ದ ಯಶವಂತನನ್ನು ಕರೆಸಿ, ಊರ ಹೊರಗೆ ಹಡಪಸರದ ಕಡೆ ಬಯಲಿನಲ್ಲಿ ರೋಗಿಗಳಿಗೆ ಆಸ್ಪತ್ರೆ ಹಾಕಿಸಿದರು. ಫಾಲ್ಗುಣದ ಬಿಸಿಲು, ಬರದಿಂದ ಬರಿದಾದ ಹೊಲ. ಮುಂಢವಾದ ಮಹಾರವಾಡೆಯಲ್ಲಿ ಗಾಯಕವಾಡ ಮನೆತನದ ಒಬ್ಬ ಹುಡುಗನಿಗೆ ಪ್ಲೇಗು ತಗುಲಿದೆ ಎಂದು ಸುದ್ದಿ ಬಂತು. 66 ವರ್ಷದ ಆಕೆ ಹೋಗಿ ಹುಡುಗನನ್ನು ಬೆನ್ನಿಗೆ ಹಾಕಿಕೊಂಡು ಆಸ್ಪತ್ರೆಗೆ ತಂದರು. ಮುಂಢವಾದಿಂದ ಹಡಪಸರಕ್ಕೆ ಬರುವ ಆ ರಸ್ತೆಯಲ್ಲಿ ಈಗ ಸಂಜೆ ಆರರಿಂದ ಎಂಟರವರೆಗೆ ಗಾಡಿ ಕದಲುವುದಿಲ್ಲ, ಖರಾಡಿಯ ಐಟಿ ಪಾರ್ಕಿನಿಂದ ಬರುವವರೆಲ್ಲ ಅಲ್ಲೇ ನಿಂತಿರುತ್ತಾರೆ. ಸಾವಿತ್ರಿಬಾಯಿಗೂ ಪ್ಲೇಗು ಅಂಟಿತು. 1897ರ ಮಾರ್ಚ್ 10ರಂದು ಅವರು ತೀರಿಕೊಂಡರು.